ಎರಡು ಟನ್ನಿನ ಸಮುದ್ರ

ಹೆಪ್ಪುಗಟ್ಟಿದ ಸಮುದ್ರದ ಮೇಲಿನ ರಸ್ತೆ ಶುರುವಾಗುವಲ್ಲಿ ಕಾವಲುಗಾರ ಎಂಡೆಲ್ ಕೈ ಅಡ್ಡ ಹಿಡಿದ. ಟಾರ್ಮೊ ತನ್ನ ಹೊಸ ಕಾರಿನ ಗಾಜು ಇಳಿಸಿದ.

"ವೊರ್ಮ್ಸಿ ದ್ವೀಪಕ್ಕಾ?"

"ಹೂಂ. ಅತ್ತೆಗೆ ಇವತ್ತು ಎಂಬತ್ತು ತುಂಬತ್ತೆ."

ಎಂಬತ್ತು ಬರೀ ನೆಪ ಎಂದು ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಾರೆಟ್‌ಗೆ ಗೊತ್ತಿತ್ತು. ಹೋದ ಚಳಿಗಾಲ ಇವರ ಹಳೆಯ ಕಾರು ದ್ವೀಪದ ಹಿಮದಲ್ಲಿ ಹೂತುಹೋದಾಗ ಅವಳ ಅಣ್ಣ ಹೈಕಿ ಟ್ರ್ಯಾಕ್ಟರ್ ತಂದು ಎಳೆದಿದ್ದ. ಆಮೇಲೆ ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದ. ಅವನಿಗೆ ಈ ಕಾರು ತೋರಿಸುವ ತನಕ ಟಾರ್ಮೊಗೆ ನಿದ್ದೆಯಿಲ್ಲ.

"ನಾಲ್ಕೂ ಚಕ್ರಕ್ಕೆ ಎಳೆತ ಇದೆ. ಟೈರ್ ನೋಡಿ, ಜಾರದ ಹಾಗೆ ಒಂದೊಂದಕ್ಕೂ ನೂರಾ ತೊಂಬತ್ತು ಮೊಳೆ. ಅಂಗಡಿಯವನು ಏನಂದ ಗೊತ್ತಾ?" ಟಾರ್ಮೊ ಮೂಗಿನಲ್ಲಿ ಅಣಕಿಸಿದ. "'ಹಿಮದಾಗೆ ಹುಲಿ ಸಾರ್, ಹುಲಿ!'"

ಎಂಡೆಲ್ ಬಗ್ಗಿ ಮೊಳೆಗಳನ್ನು ನೋಡಿದ. "ಒಳ್ಳೇ ಟೈರು. ಆದ್ರೆ ಇಲ್ಲಿ ನಾವು ಜಾರತ್ತಾ ಅಂತ ಕೇಳಲ್ಲ, ಮುಳುಗತ್ತಾ ಅಂತ ಕೇಳ್ತೀವಿ. ಇವತ್ತು ಮಿತಿ ಎರಡು ಟನ್ನು. ಕಾಗದ ಕೊಡಿ."

ಕಾಗದದ ಪ್ರಕಾರ ಕಾರೇ ಸಾವಿರದ ಒಂಬೈನೂರ ಮೂವತ್ತು ಕಿಲೊ.

"ನೀವು?"

"ತೊಂಬತ್ತೆಂಟು."

ಎಂಡೆಲ್ ಅವನನ್ನು ಒಮ್ಮೆ ದಿಟ್ಟಿಸಿ ನೂರಾ ನಾಲ್ಕು ಎಂದು ಬರೆದುಕೊಂಡ. ಮಾರೆಟ್ ಇಳಿದು ಬಂದು ತನ್ನದನ್ನು ಅವನ ಕಿವಿಯಲ್ಲಿ ಹೇಳಿದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿಯೂ ಟಾರ್ಮೊಗೆ ತಿಳಿಯದ ಸಂಖ್ಯೆ ಅರೆನಿಮಿಷದಲ್ಲಿ ಎಂಡೆಲ್‌ನ ಪುಸ್ತಕ ಸೇರಿತು.

"ಇಬ್ರೂ ಅಂದ್ರೆ ಆಗಲ್ಲ. ನೀವೊಬ್ರೇ ಅಂದ್ರೂ ಆಗಲ್ಲ. ಇವರೊಬ್ರೇ ಆದ್ರೆ ಸರಿ. ಇನ್ನೂ ಒಂಬತ್ತು ಕಿಲೊ ಮಿಗತ್ತೆ, ಹಿಂದಿರೋ ಆಲೂಗಡ್ಡೆ ಸಲಾಡೂ ಹೋಗ್ಲಿ."

"ಸಲಾಡ್ ಹೋಗ್ಬೋದು, ನಾನು ಹೋಗ್ಬಾರ್ದಾ?"

"ಸಲಾಡ್ ಮುಳುಗಿದ್ರೆ ನನ್ನನ್ನ ಯಾರೂ ಕೇಳಲ್ಲ ಸ್ವಾಮಿ."

"ರೀ, ಇವಳು ಈ ಕಾರು ಮುಟ್ಟೇ ಇಲ್ಲ!"

"ಮುಟ್ಟೋಕೆ ಬಿಟ್ಟಿದ್ರೆ ತಾನೇ," ಎನ್ನುತ್ತ ಮಾರೆಟ್ ಆಗಲೇ ಸ್ಟಿಯರಿಂಗ್ ಕಡೆಯ ಬಾಗಿಲು ತೆಗೆದಿದ್ದಳು.

ಬೇರೆ ದಾರಿಯಲ್ಲಿ ಮಂಜುಗಡ್ಡೆ ಒಡೆದುಕೊಂಡು ಸಾಗುವ ಫೆರಿ ಇದ್ದದ್ದು ಸಂಜೆ ಐದಕ್ಕೆ. ಕತ್ತಲಲ್ಲಿ ಕಾರು ತೋರಿಸಿ ಏನು ಪ್ರಯೋಜನ? ಟಾರ್ಮೊ ಇಳಿದ. ಎಂಡೆಲ್ ತನ್ನ ಗುಡಿಸಲಿನಿಂದ ಒದೆಬಂಡಿ ತಂದುಕೊಟ್ಟ: ಮುಂದೊಂದು ಕುರ್ಚಿ, ಕೆಳಗೆರಡು ಕಬ್ಬಿಣದ ಪಟ್ಟಿ, ಹಿಂದೆ ನಿಂತು ಒಂದು ಕಾಲಲ್ಲಿ ಒದೆಯುತ್ತಿದ್ದರೆ ಮುಂದಕ್ಕೆ ಜಾರುತ್ತದೆ. "ಇದಕ್ಕೆ ಮಿತಿಗಿತಿ ಏನಿಲ್ಲ," ಎಂದ. ಮಾರೆಟ್‌ಗೆ ಹೇಳಿದ, "ಬೆಲ್ಟ್ ಹಾಕ್ಬೇಡಿ ತಾಯಿ. ಮಂಜುಗಡ್ಡೆ ಒಡೆದ್ರೆ ಹಾರ್ಬೇಕು."

ಈ ನಿಯಮ ತಿಳಿಯದ ಕಾರು ಬೆಲ್ಟ್ ಬೇಕೆಂದು ಕುಂಯ್ ಕುಂಯ್ ಎನ್ನುತ್ತ ಸಮುದ್ರದ ಮೇಲೆ ಹೊರಟುಹೋಯಿತು.

ಹತ್ತು ಕಿಲೋಮೀಟರ್ ಒದ್ದು ಟಾರ್ಮೊ ಅತ್ತೆಯ ಅಂಗಳ ತಲುಪಿದಾಗ ಹುಬ್ಬಿನ ತುಂಬ ಬಿಳಿ ಹರಳು. ಬೆಳಕು ಇನ್ನೂ ಚೆನ್ನಾಗಿತ್ತು. ಬಂದವರೆಲ್ಲ ಕಾರಿನ ಸುತ್ತ ನಿಂತಿದ್ದರು. ಹೈಕಿ ಮಂಡಿಯೂರಿ ಟೈರಿನ ಮೊಳೆಗಳನ್ನು ಬೆರಳಲ್ಲಿ ಸವರುತ್ತಿದ್ದ.

"ಆರಿಸಿದ್ರೆ ಹೀಗೆ ಆರಿಸ್ಬೇಕು ಕಣೇ ಮಾರೆಟ್," ಎಂದ.

ಮಾರೆಟ್ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸಿದಳು.

ಹೈಕಿ ತಲೆಯೆತ್ತಿ ಒದೆಬಂಡಿಯನ್ನು ನೋಡಿದ, ಅದನ್ನು ಹಿಡಿದು ಏದುಸಿರು ಬಿಡುತ್ತಿದ್ದವನನ್ನು ನೋಡಿದ. ಈ ಸಲ ನಗಲಿಲ್ಲ. ಎದ್ದು ಬಂದು ಮೆಲ್ಲಗೆ ಅವನ ಹೆಗಲ ಮೇಲೆ ಕೈಯಿಟ್ಟ.

"ಬಾ ಭಾವ, ಒಳಗೆ ಬಿಸಿ ಕಾಫಿ ಇದೆ. ನೀನೂ ಇವಳ ಹಾಗೆ ಒಂದು ಕಾರು ತಗೋಬಾರ್ದೇನೋ?"