ಬಾಯಿಪಾಠದ ವಿಚಾರಣೆ

ಪರದೇಶದ ವಿಶ್ವವಿದ್ಯಾಲಯದಲ್ಲಿ ಮೊದಲ ಪರೀಕ್ಷೆ ಬರೆದ ಭಾರ್ಗವಿಗೆ ಬಂದದ್ದು ಅಂಕಗಳಲ್ಲ, ವಿಚಾರಣೆಯ ಕರೆ. ಅವಳ ಉತ್ತರ ಪಾಠ ಹೇಳುವ ಪ್ರೊಫೆಸರರೇ ಬರೆದ ಪುಸ್ತಕದಲ್ಲಿದ್ದಂತೆಯೇ, ಅಕ್ಷರ ಬಿಡದೆ ಇತ್ತು. ನಕಲೆಂದು ತೀರ್ಮಾನವಾದರೆ ಊರಿಗೆ ವಾಪಸ್ಸು.

"ಬಾಯಿಪಾಠ ಮಾಡಿದ್ದೆ ಅಂದ್ರೆ ನಂಬ್ತಾರಾ?"

"ನಮ್ಮೂರಾಗ ಹಂಗ ಬರದ್ರ ರ‍್ಯಾಂಕ್ ಕೊಡ್ತಾರವ್ವಾ, ಇಲ್ಲಿ ಗೇಟ್‌ಪಾಸ್ ಕೊಡ್ತಾರ," ಎಂದಳು ಧಾರವಾಡದ ರೂಮ್‌ಮೇಟ್.

ಮರುದಿನ ಡೀನರ ಪಕ್ಕದಲ್ಲಿ ಕೂತ ಪ್ರೊಫೆಸರರು ಗದರಿದರು: "ನಿಮ್ಮ ದೇಶದಲ್ಲಿ ಹೇಗೋ ಗೊತ್ತಿಲ್ಲ. ಇಲ್ಲಿ ಇನ್ನೊಬ್ಬರ ಒಂದು ಸಾಲು ಎತ್ತಿದರೂ ಕಳ್ಳತನ."

"ಕದ್ದಿಲ್ಲ ಸರ್. ತಾತನ ಕಾವ್ಯವಾಚನ ಕೇಳಿ ಬೆಳೆದವಳು ನಾನು. ಓದಿದ್ದು ನಾಲಿಗೆ ಮೇಲೆ ನಿಂತುಬಿಡುತ್ತೆ."

ಡೀನರು ನಂಬದೆ ಆ ಪುಸ್ತಕ ತೆರೆದು ಒಂದು ಸಾಲು ಓದಿ, "ಮುಂದಿನದು ಹೇಳು," ಎಂದರು. ಬರೆದವರ ಹೆಸರು ಹೇಳಿ ಕೈಮುಗಿಯದೆ ಬಾಯಿ ತೆರೆಯಬಾರದೆಂಬುದು ತಾತ ಕಲಿಸಿದ ಕ್ರಮ. ಭಾರ್ಗವಿ ಪ್ರೊಫೆಸರರ ಹೆಸರು ಹೇಳಿ, ಕೈಮುಗಿದು, ಮುಂದಿನ ಇಡೀ ಪುಟವನ್ನು ಎಲ್ಲೂ ಎಡವದೆ ಒಪ್ಪಿಸಿದಳು.

ಪ್ರೊಫೆಸರರ ಸಿಟ್ಟು ಕರಗಿತು. ಇಷ್ಟು ಭಕ್ತಿಯಿಂದ ಅವರನ್ನು ಹೆಂಡತಿಯೂ ಓದಿರಲಿಲ್ಲ. ಪುಸ್ತಕವನ್ನು ತಾವೇ ಎಳೆದುಕೊಂಡು, ತಮಗೆ ಪ್ರಶಸ್ತಿ ತಂದ ಅಧ್ಯಾಯದ ಮೊದಲ ಸಾಲು ಓದಿ, "ಇದನ್ನೊಂದು ಹೇಳಮ್ಮ," ಎಂದರು.

ಕೈಮುಗಿಯಲು ಹೊರಟ ಭಾರ್ಗವಿ ತಡವರಿಸಿದಳು.

"ಯಾಕೆ, ಮರೆತುಹೋಯಿತೆ?" ಎಂದರು ಡೀನರು.

"ಪಾಠ ನೆನಪಿದೆ ಸರ್. ಆದರೆ ಇದು ಇವರ ಗುರುಗಳ ಹಳೆಯ ಪುಸ್ತಕದಲ್ಲೂ ಅಕ್ಷರ ಬಿಡದೆ ಹೀಗೇ ಇದೆ. ಯಾರ ಹೆಸರು ಹೇಳಿ ಕೈಮುಗಿಯಲಿ?"