ಅಡುಗೆಯವನ ಹೆಸರು ಕೇಳದ ನಾಯಕ

"ಇವನನ್ನ ಯಾರೂ ಸಾಯಿಸಲ್ವಾ?" ದೊಡ್ಡಕ್ಕ ಪುಸ್ತಕವನ್ನು ಮೇಜಿಗೆ ಬಡಿದಳು.

"ಮೆಲ್ಲಗೆ ಅತ್ತಿಗೆ, ಹೊಲಿಗೆ ಬಿಚ್ಚುತ್ತೆ," ಎಂದಳು ನಾದಿನಿ. ಪುಸ್ತಕ ಬಾಡಿಗೆಗೆ ಕೊಡುವ ಆ ಅಂಗಡಿ ಅವಳದು. "ಇಷ್ಟು ಬಯ್ಯೋದಾದ್ರೆ ಓದೋದ್ಯಾಕೆ?"

"ಬಯ್ಯೋಕೇ ಓದೋದು."

ಇಸೆಕೈ ಮಾಂಗಾ ಎಂಬ ಈ ಚಿತ್ರಕಥೆಗಳೆಲ್ಲ ಶುರುವಾಗುವುದು ಒಂದೇ ಥರ. ಯಾವನೋ ಸೋಮಾರಿ ಸಾಯುತ್ತಾನೆ. ಬೇರೆ ಲೋಕದಲ್ಲಿ ಕಣ್ಣು ಬಿಡುತ್ತಾನೆ. ಬಿಟ್ಟ ಕೂಡಲೇ ಸರ್ವಶಕ್ತ, ಸುತ್ತ ಮಂಡಿಯೂರಿದ ಸೈನ್ಯ.

"ಇಲ್ಲಿದ್ದಾಗ ಒಂದು ತಟ್ಟೆ ತೊಳೆದವನಲ್ಲ. ಅಲ್ಲಿ ಬೆರಳಾಡಿಸಿ ಬೆಟ್ಟ ಸೀಳ್ತಾನೆ. ಊರು ಕಾಪಾಡಿ ಆಕಳಿಸ್ತಾನೆ! ಅರಮನೇಲಿ ಅಷ್ಟು ಊಟ ಹೊಡೆದನಲ್ಲ, ಒಂದು ದಿನ ಅಡುಗೆಯವನ ಹೆಸರು ಕೇಳಿದ್ನಾ?"

"ನಂಗಂತೂ ಇವನು ಇಷ್ಟ. ದಿನವಿಡೀ ಬೈಸಿಕೊಂಡು ಬರೋರಿಗೆ, ಕಥೇಲಾದ್ರೂ ಒಬ್ಬ ಸುಮ್ಮನೆ ಗೆಲ್ಲಲಿ ಅನ್ಸುತ್ತೆ."

"ಥೂ! ಸುಮ್ಮನೆ ಗೆಲ್ಲೋದೂ ಒಂದು ಗೆಲುವಾ?"

ದೊಡ್ಡಕ್ಕನ ಸಿಟ್ಟಿಗೆ ಬೇರೆ ಕಾರಣವೂ ಇತ್ತು. ಅವಳು ಬೇಯಿಸಿ ಬಡಿಸುತ್ತಿದ್ದ ಹಾಸ್ಟೆಲಿನ ಅಡುಗೆಮನೆಗೆ ಅವತ್ತು ಬೆಳಿಗ್ಗೆ ಬೀಗ ಬಿದ್ದಿತ್ತು. ಇನ್ನು ಪೊಟ್ಟಣದ ಊಟವಂತೆ. ಗಂಡ ಎಂದೋ ಹೋಗಿದ್ದ, ಮಕ್ಕಳಿರಲಿಲ್ಲ. ನಾಳೆಯಿಂದ ಅವಳು ಬಡಿಸಬೇಕಾದವರು ಯಾರೂ ಇರಲಿಲ್ಲ.

ಕಿಟಕಿಯ ಬಳಿ ಕೂತಿದ್ದ ಅಪರಿಚಿತ ಕೆಮ್ಮಿದ.

"ತಪ್ಪು ನಂದೇ ಅಕ್ಕ. ಅವನನ್ನ ಆರಿಸಿ ಕಳಿಸಿದವನು ನಾನೇ."

ದೊಡ್ಡಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಿದ್ದೆಗೆಟ್ಟ ಕೆಂಪು ಕಣ್ಣು. ಎಡಗೈ ಬೆಳ್ಳಗಿದ್ದರೂ ಬಲಗೈ ಕಪ್ಪು. ಹಗಲೂ ರಾತ್ರಿ ಮಸಿಯಲ್ಲಿ ಚಿತ್ರ ಬರೆಯುವವರ ಕೈ ಮತ್ತೆ ಹೇಗಿರುತ್ತದೆ?

"ಓಹೋ, ನೀವೇನಾ ಆ ಪುಣ್ಯಾತ್ಮ! ಸರಿಯಾಗಿ ಕೈಗೆ ಸಿಕ್ರಿ."

"ದೂರಿನ ಮೇಲೆ ದೂರು. ಮೇಲಿನವರು ಕೆಂಡ ಆಗಿದ್ದಾರೆ. ಇನ್ನೊಬ್ಬ ಹೀಗೇ ಆದ್ರೆ ನನ್ನ ಕೆಲಸ ಹೋಯ್ತು. ಓದೋರನ್ನಾದ್ರೂ ಕೇಳೋಣ ಅಂತ ಬಂದೆ."

"ಆರಿಸುವಾಗ ಕಣ್ಣು ಎಲ್ಲಿಟ್ಟಿದ್ರಿ?"

"ರಸ್ತೇಲಿ ಸುಲಭವಾಗಿ ಸಿಗೋನು ಅಂಥವನೇ. ಮೊಬೈಲ್ ನೋಡ್ತಾ ನಡೀತಿರ್ತಾನೆ." ಅವನು ಬೆರಳಲ್ಲಿ ಕೀಗೊಂಚಲು ತಿರುಗಿಸಿದ. "ಅವನ ಜಾಗದಲ್ಲಿ ನೀವಿದ್ರೆ?"

"ನಾನಾ? ಮಂಡಿಯೂರಿ ಕೂತವರನ್ನ ಮೊದಲು ಎಬ್ಬಿಸ್ತಿದ್ದೆ. ಆಮೇಲೆ ನೆಟ್ಟಗೆ ಅಡುಗೆಮನೆ. ಸೈನ್ಯ ಉಂಡಿದೆಯಾ ನೋಡದೆ ಯುದ್ಧಕ್ಕೆ ಹೊರಡೋನು ಯಾವ ಸೀಮೆ ನಾಯಕ?"

"ಅಷ್ಟು ಶಕ್ತಿ ಬಂದ್ರೆ ತಲೆ ತಿರುಗಲ್ವಾ?"

"ಇಡೀ ಹಾಸ್ಟೆಲ್ ನನ್ನ ಸೌಟಿಗೆ ಹೆದರುತ್ತಿತ್ತು. ಆದ್ರೆ ಒಬ್ಬರನ್ನೂ ಹಸಿದು ಮಲಗೋಕೆ ಬಿಟ್ಟವಳಲ್ಲ ನಾನು."

ಅಪರಿಚಿತ ಎದ್ದು ನಿಂತ. "ಹಾಗಾದ್ರೆ ಈ ಸಲ ನಿಮ್ಮನ್ನೇ ಕಳಿಸ್ಲಾ?"

"ಕಳಿಸಿ ನೋಡಿ! ನಾನೇನು ಬೇಡ ಅಂದ್ನಾ?"

"ಆಮೇಲೆ ನನ್ನನ್ನ ಬಯ್ಯಬಾರದು."

"ಬಯ್ಯೋದು ಬಯ್ಯೋದೇ. ಕಳಿಸಿ."

ಅವನು ಕೈಮುಗಿದು ಹೊರಟುಹೋದ. ದೊಡ್ಡಕ್ಕನ ಸಿಟ್ಟು ಅರ್ಧ ಇಳಿದಿತ್ತು. "ನೋಡ್ತಿರು, ಮುಂದಿನ ಸಂಪುಟದಲ್ಲಿ ನನ್ನ ಚಿತ್ರ ಇರುತ್ತೆ," ಎಂದು ನಾದಿನಿಗೆ ಬೀಗಿ ಹೇಳಿದಳು. ಚೀಲ ಹೆಗಲಿಗೇರಿಸಿ ರಸ್ತೆಗಿಳಿದಳು. ಮಬ್ಬುಗತ್ತಲು. ಎಡಕ್ಕೆ ನೋಡಿದಳು, ಯಾರೂ ಇಲ್ಲ. ಬಲಕ್ಕೆ ತಿರುಗಿದಳು.

ಲಾರಿ. ಅದರ ಕಿಟಕಿಯಿಂದ, ವರ್ಷಗಟ್ಟಲೆ ಬಿಸಿಲಿಗೆ ಸುಟ್ಟು ಕಪ್ಪಾದ ಬಲಗೈಯೊಂದು ಚಾಚಿ ಮರ್ಯಾದೆಯಿಂದ ಬೀಸುತ್ತಿತ್ತು.

ನೋವೇ ಆಗಲಿಲ್ಲ. ಕಣ್ಣು ಬಿಟ್ಟರೆ ಹಾಲುಗಲ್ಲಿನ ನೆಲ, ಆಕಾಶ ಮುಟ್ಟುವ ಕಂಬಗಳು, ಸುತ್ತ ಮಂಡಿಯೂರಿ ತಲೆತಗ್ಗಿಸಿದ ಸೈನ್ಯ. ದೊಡ್ಡಕ್ಕ ಎದ್ದು ಕೂತು, ಚೀಲದಿಂದ ಸೌಟು ಹೊರತೆಗೆದಳು.

"ಏಳ್ರೋ ಮೇಲೆ! ಇಲ್ಲಿ ಅಡುಗೆ ಮಾಡೋನು ಯಾರು? ನಿನ್ನ ಹೆಸರೇನಪ್ಪಾ?"