ಮೂರನೇ ಮಾನಿಟರ್

"ಇದೂ ಮಸುಕು ಕಣ್ರೀ, ಬೇರೆ ತೋರ್ಸಿ," ಎನ್ನುತ್ತ ಧರ್ಮೇಂದ್ರ ಮೂರನೇ ಮಾನಿಟರಿನ ಪರದೆಯನ್ನೂ ಕರ್ಚೀಫಿನಿಂದ ಒರೆಸಿದ. ಪರದೆಯ ಮೇಲೆ ಅವನೇ ಭದ್ರಾವತಿಯಿಂದ ಸಿ.ಡಿ.ಯಲ್ಲಿ ತಂದಿದ್ದ ಲಗ್ನಪತ್ರಿಕೆ ಇತ್ತು. ಅದರ ಕೊನೆಯಲ್ಲಿ, ಸುಖಾಗಮನ ಬಯಸುವವರ ಸಣ್ಣಕ್ಷರದ ಹೆಸರುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹೋದ ವಾರ ಅವನು ಅಚ್ಚಿಗಾಗಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದ ಪತ್ರಿಕೆಯೊಂದರಲ್ಲಿ ಸೋದರಮಾವನ ಹೆಸರೇ ತಪ್ಪಾಗಿ, ಹೆಣ್ಣಿನ ಕಡೆಯವರು ಬಂದು ಕೂಗಾಡಿದ್ದರು. ಅವನು ಹಳೇ ಮಾನಿಟರನ್ನು ದೂರಿದ್ದ.

"ಸಾರ್, ಇಡೀ ಶಿವಮೊಗ್ಗ ಸುತ್ತಿದ್ರೂ ಇದಕ್ಕಿಂತ ಕ್ಲಿಯರ್ ಸಿಗಲ್ಲ," ಅಂಗಡಿಯ ರಿಜ್ವಾನ್ ನಕ್ಕ. "ನಿಮ್ ಕೆಲ್ಸಕ್ಕೂ ಆಯ್ತು, ಮಗಳ ಪ್ಲೇಸ್ಟೇಷನ್ ಗೇಮಿಗೂ ಆಯ್ತು."

"ಕವನಾ, ನೀನೇ ಓದಮ್ಮ. ಇವರಿಗೂ ಗೊತ್ತಾಗ್ಲಿ."

ಕಾಲೇಜಿಗೆ ಹೋಗುವ ಮಗಳು ಮೂರು ಹೆಜ್ಜೆ ಹಿಂದೆ ನಿಂತಲ್ಲಿಂದಲೇ ತಡವರಿಸದೆ ಓದಿದಳು: "ನಾಗಯ್ಯ, ಹುಲಿಗೆಮ್ಮ ಮತ್ತು ಮಕ್ಕಳು, ಹೊಳಲೂರು." ಧರ್ಮೇಂದ್ರನ ಕೈ ಗಾಜಿನ ಮೇಲೆಯೇ ನಿಂತುಬಿಟ್ಟಿತು. ಅವನ ಅಪ್ಪನ ಕಣ್ಣು ಹೋದದ್ದೂ ಇದೇ ವಯಸ್ಸಿನಲ್ಲಿ, ಹೀಗೇ ನಿಧಾನವಾಗಿ. ಲಾಟೀನಿನ ಗಾಜಿನ ಬುರುಡೆಯೇ ಮಸುಕೆಂದು ಅಪ್ಪ ದಿನವೂ ಅದನ್ನು ಉಜ್ಜುತ್ತಿದ್ದರು. ಮಗಳ ಕಡೆ ತಿರುಗಲು ಧೈರ್ಯ ಬರಲಿಲ್ಲ.

ಗಾಜಿನ ಮೇಲೆ ಹಾಗೇ ನಿಂತಿದ್ದ ಕರ್ಚೀಫನ್ನು ಕವನ ನೋಡಿದಳು. "ಅಣ್ಣಾ, ಆ ದೊಡ್ಡದನ್ನ ಕೊಡಿ. ನನ್ ಗೇಮಿಗೆ ಇದು ಸಾಲಲ್ಲ," ಎಂದು ರಿಜ್ವಾನನಿಗೆ ಹೇಳಿದಳು. ಅವನು ಒಳಗೆ ಹೋದ ಮೇಲೆ ಅಪ್ಪನ ಮೊಣಕೈ ಹಿಡಿದುಕೊಂಡಳು.

"ಬಸ್ ಹತ್ತೋ ಮುಂಚೆ ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ. ಬೇಡ ಅನ್ಬೇಡಪ್ಪ."